ಅರವತ್ತು ಇಂಚಿನ ಟೇಪು

ಬ್ಲೌಸಿನ ಟೇಪು ಇದು. ಅರವತ್ತೇ ಇಂಚು.
ಮನಿ ಅಳಿಲಿಕ್ಕ ಇದು ಸಾಲಂಗಿಲ್ಲ ಅಂತ ರೇವಣಪ್ಪ ನಕ್ಕ.
ಸಾಲಂಗಿಲ್ಲ, ಖರೆ.
ಬೆರಳಿಟ್ಟು, ಸರಿಸಿ, ಮತ್ತ ಬೆರಳಿಟ್ಟು
ಪಡಸಾಲಿ ಅಳದೆ:
ಮೂರು ಟೇಪು, ಮ್ಯಾಲ ಒಂದು ಗೇಣು.

ಬರಕೊಳ್ಳಲಿಕ್ಕ ಕಾಗದ ಸಿಗಲಿಲ್ಲ.
ಅಳತಿ ಪುಸ್ತಕದಾಗೇ ಬರದೆ,
ಗಾಜೀಪುರದ ಟೀಚರಮ್ಮನ ಎದಿ ಮೂವತ್ತೆಂಟು,
ಅದರ ಕೆಳಗ ನಮ್ಮ ಅಡಗಿಮನಿ, ಎಂಟಕ್ಕ ಏಳೂವರಿ.
ಹಿಂದಿನ ಕೊರಳ ಭಾಳ ಇಳಿಸಬ್ಯಾಡ ಅಂದಿದ್ಳು ಟೀಚರಮ್ಮ.
ಮನಿ ಏನಂತದ, ಇನ್ನಾ ಕೇಳಬೇಕು.

ಮೈದುನನ ಮಗಳು ನಿಕಿತಾ,
ಇಂಟೀರಿಯರ್ ಡಿಪ್ಲೊಮಾ ಎರಡನೇ ವರ್ಷ,
ಮೊಬೈಲಿನಾಗ ನಮ್ಮನಿ ತಿರಗಿಸಿ ತಿರಗಿಸಿ ತೋರಸ್ಲತ್ತಾಳ.
ಬಿಳಿ ಸೋಫಾ. ಕುಂಡಿನಾಗ ಒಂದು ಗಿಡ.
ಯಾರೂ ತಿನ್ನದ ಮೂರು ಸೇಬು.
ಕಿಟಕಿಯಿಂದ ಬಿಸಲು ಬಂದದ, ಸೆಕಿ ಬಂದಿಲ್ಲ.
ಜ್ವಾಳದ ಚೀಲ ಎಲ್ಲಿ? ಕೌದಿ ಎಲ್ಲಿ?
ಮೂರು ತಲಿ ಸವೆಸಿದ ಆ ಕಬ್ಬಿಣದ ಟ್ರಂಕು?
'ಸ್ಟೋರೇಜ್ ಒಳಗದ, ದೊಡ್ಡವ್ವ, ಕಾಣಂಗಿಲ್ಲ.'
ನಾವು ಎಲ್ಲಿ ಅಂತ ಕೇಳಬೇಕಂದೆ, ಬಿಟ್ಟೆ.

ಫಾಲ್ಸ್ ಸೀಲಿಂಗ್ ಹಾಕೋಣು ಅಂದ್ಳು.
ಅಂದ್ರ ಸುಳ್ಳು ಮಾಳಿಗಿ.
ಖರೇ ಮಾಳಿಗೀನೇ ಎರಡು ಕಡೆ ಸೋರತದ,
ಅದರ ಗುಟ್ಟು ಮುಚ್ಚಲಿಕ್ಕ ಇನ್ನೊಂದೇನು?

ಫರಸಿ ಕಿತ್ತು ಗ್ರಾನೈಟ್ ಹಾಸೋದು ರೇವಣಪ್ಪನ ಆಸೆ.
ದಾಲ್ ಮಿಲ್ ಸಾವಕಾರನ ಮನ್ಯಾಗ ನೋಡಿ ಬಂದಾನ,
ಮಾರಿ ಕಾಣತದಂತ ನೆಲದಾಗ.
ನಮ್ಮ ಶಹಾಬಾದ್ ಫರಸ್ಯಾಗ ಮಾರಿ ಕಾಣಂಗಿಲ್ಲ, ಬರೋಬ್ಬರಿ.
ಮೇ ತಿಂಗಳು, ನಡು ಮಧ್ಯಾಹ್ನ, ಕರೆಂಟು ಹೋದಾಗ
ನೀರು ಚೆಲ್ಲಿ ಬೆನ್ನು ಹಚ್ಚಿ ಮಲಗಿದವ ನೀನೇ ಅಲ್ಲೇನು?
ಆ ಸಂದ್ಯಾಗ ನನ್ನ ಎಷ್ಟು ಸೂಜಿ ಬಿದ್ದಾವೋ.

ಐತಾರ ಲಾಡ್ಲೇಸಾಬ ಮಿಸ್ತ್ರಿ ಬಂದ.
ನಿಕಿತಾನ ಚಿತ್ರ ನೋಡಲಿಲ್ಲ.
ಚಾ ಕುಡದ, ಬಸಿ ನೆಲಕ್ಕಿಟ್ಟ,
ಮಡಚಿದ ಬೆರಳಿಂದ ಗೋಡಿ ಬಡೀತ ಹೊಂಟ,
ಕಿವಿ ಹಚ್ಚಿ, ಡಾಕ್ಟರನಂಗ.
'ಇದು ಭಾರ ಹೊತ್ತದ. ಕೈ ಹಚ್ಚಬ್ಯಾಡ್ರಿ.
ಇದೂ ಹೊತ್ತದ.
ಇದು...' ಮತ್ತೊಮ್ಮೆ ಬಡದ, 'ಇದು ಬರೇ ನಿಂತದ.'

ಯಾರೂ ಮಾತಾಡಲಿಲ್ಲ.
ಹೊರಸಿನ ಮ್ಯಾಲಿಂದ ಅತ್ತಿ ಅಂದ್ಳು,
'ಅದರ ಮ್ಯಾಲೇ ನಿಮ್ಮ ಮಾವನ ಫೋಟೊ ಅದ.'
'ಫೋಟೋಕ್ಕ ಮೊಳಿ ಸಾಕಲ್ರೀ ಅವ್ವಾ, ಗೋಡಿ ಯಾಕ?'
ಲಾಡ್ಲೇಸಾಬ ನಗಲಿಲ್ಲ. ಅತ್ತೀನೇ ನಕ್ಳು.

ಹೋಗೋವಾಗ ಚಪ್ಪಲಿ ಮೆಟ್ಟಿ ಕೇಳಿದ,
'ಮಷೀನ ಎಲ್ಲಿ ಇಡ್ತೀರಿ, ಬಾಯಿ?'

ಇಪ್ಪತ್ತೆರಡು ವರ್ಷ.
ಬಚ್ಚಲಕ್ಕ ಹೋಗೋ ಸಂದ್ಯಾಗ ನನ್ನ ಮಷೀನು.
ಹೋಗವರ ಮೊಣಕಾಲು, ಬರವರ ಕೊಡ,
'ಜರಾ ಸರಿ', 'ಜರಾ ಸರಿ',
ಸರದು ಸರದೇ ಈ ಜಾಗದ ಸಾಲ ಮುಟ್ಟಸೀನಿ.
ನಿಕಿತಾನ ಚಿತ್ರದಾಗ ಸೇಬಿಗೆ ಜಾಗ ಅದ.

ರಾತ್ರಿ ಎಲ್ಲಾರೂ ಉಂಡು ಮಲಗಿದ ಮ್ಯಾಲ
ಟೇಪು ಮತ್ತ ತಗದೆ.
ತುಳಿಯೋ ಕಾಲಿಗೆ ಇಷ್ಟು.
ಕತ್ತರಿ ಆಡಲಿಕ್ಕ ಇಷ್ಟು.
ಚಿಂದಿ ಬೀಳಲಿಕ್ಕ, ಬೀಳಲಿ ಪಾಪ, ಇಷ್ಟು.
ಹಾಕಿ ನೋಡೋ ಹೆಣ್ಣಮಕ್ಕಳಿಗೆ ಒಂದು ಪರದೆ,
ಪರದೆ ಹಿಂದ ತಿರಗಲಿಕ್ಕ ಒಂದು ಮೈ ಅಗಲ.
ಮ್ಯಾಲ ಒಂದಿಂಚು ಅಂಚು, ನಾಳೆ ಬಿಚ್ಚಿ ಬಿಡಲಿಕ್ಕ,
ಹೊಲಿಗಿ ಕಲತಾಗಿಂದ ಇದೊಂದು ಮರತಿಲ್ಲ.
ಬಡಗಣ ಕಿಟಕಿ ಕೆಳಗ, ಫರಸಿ ಮ್ಯಾಲ,
ಅರಿವಿ ಗುರುತಿನ ನೀಲಿ ಚಾಕಿನಿಂದ
ಒಂದು ಖೋಲಿ ಗೀರಿದೆ. ಬಾಗಲಾ ಸುದ್ದಾ.

ಮುಂಜಾನಿ ಎದ್ದು ರೇವಣಪ್ಪ ನೋಡಿದ.
ಏನೂ ಅನ್ನಲಿಲ್ಲ. ಸುತ್ತ ಹಾಕಿ ಹೋದ.
ಕಣ್ಣು ಮಂಜಾದ ಅತ್ತಿ ಕೋಲು ನಿಲ್ಲಿಸಿ,
'ಇಲ್ಲೇನರ ಗೋಡಿ ಅದ ಏನ?'
'ಇನ್ನಾ ಇಲ್ರಿ.'
ಆಕೀನೂ ಸುತ್ತ ಹಾಕಿದ್ಳು.

ಭಿಶಿ ಎತ್ತಲಿಕ್ಕ ಇನ್ನ ಏಳು ತಿಂಗಳದ.
ಲಾಡ್ಲೇಸಾಬ ಬೇರೆ ಕೆಲಸ ಹಿಡದಾನ, ಸೇಡಂ ರೋಡಿಗೆ.
ನಿಕಿತಾನ ಮೊಬೈಲಿನಾಗ ಸೋಫಾ ಈಗ ಹಸರ.

ನಾಳೆ ನೆಲ ಒರಸೋದು ನಾನೇ.